ಹುಳು ಹಣ್ಣಾದ ದಿನದ ಅಹವಾಲು

ಗೆರೆ ಎಳೆದವಳು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಅನುಕೂಲ. ನಡೆದದ್ದನ್ನು ಕೇಳಿದ ಕೆಲವರು "ಪಾಪ, ಆ ಊರಿಗಾಗಿ ಎಷ್ಟು ಓಡಾಡಿದಿರಿ" ಎಂದು ನನ್ನನ್ನು ಹೊಗಳಿದ್ದುಂಟು. ಓಡಾಡಿದ್ದು ನಿಜ. ಆದರೆ ನಾನೇ ಚೆಲ್ಲಿದ್ದನ್ನು ನಾನೇ ಒರೆಸಲು ಓಡಾಡಿದೆ, ಅಷ್ಟೆ.

ಆಗ ನಾನು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ; ಅಲ್ಲಿದ್ದವರು ಇನ್ನೂ ಅಲ್ಲೇ ಇದ್ದಾರೆ, ನನಗೂ ಇನ್ನೂ ಸರ್ವಿಸ್ ಇದೆ. ಚಿಕ್ಕಬಳ್ಳಾಪುರದ ಮನೆಯಿಂದ ದಿನಾ ಬೆಳಗ್ಗೆ ಚಿಂತಾಮಣಿ ಕಡೆಯ ಬಸ್ಸು ಹತ್ತುತ್ತಿದ್ದೆ ಎಂದರೆ ಸಾಕು. ಗ್ರಾಮ ಪಂಚಾಯಿತಿಗಳ ವಾರ್ಡುಗಳ ಗಡಿಯನ್ನು ಹೊಸದಾಗಿ ಗೊತ್ತುಮಾಡಿ, ಕರಡು ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿ, ವರದಿಯನ್ನು ಜಿಲ್ಲಾ ಕಚೇರಿಗೆ ಕಳಿಸಬೇಕೆಂಬ ಆದೇಶ ಬಂದಿತ್ತು. ಕಡತ ನನ್ನ ಮೇಜಿಗೆ ಬಂತು.

ಕೆಲಸದ ರೀತಿ ಹೀಗೆ. ಪಂಚಾಯಿತಿಯ ಮನೆಪಟ್ಟಿ ಮತ್ತು ಗ್ರಾಮ ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಳ್ಳುವುದು. ನಕಾಶೆಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಪೆನ್ಸಿಲ್ಲಿನಲ್ಲಿ ವಾರ್ಡು ಬಿಡಿಸುವುದು. ಆಮೇಲೆ ಪ್ರತಿ ವಾರ್ಡಿಗೂ ಚಕ್ಕುಬಂದಿ ಬರೆಯುವುದು, ಅಂದರೆ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ನಾಲ್ಕು ದಿಕ್ಕಿನ ಗುರುತು. ಒಬ್ಬ ಸದಸ್ಯರಿಗೆ ಕನಿಷ್ಠ ಇಷ್ಟು ಜನ ಇರಬೇಕು, ವಾರ್ಡಿಗೂ ವಾರ್ಡಿಗೂ ಬಹಳ ಅಂತರ ಇರಬಾರದು, ಗಡಿ ಎಲ್ಲರ ಕಣ್ಣಿಗೂ ಕಾಣುವ ರಸ್ತೆಯ ಮೇಲೋ ಹಳ್ಳದ ಮೇಲೋ ಹೋಗಬೇಕು. ನಮಗೆ ಹೇಳಿಕೊಟ್ಟಿದ್ದು ಇಷ್ಟು. ನನಗೋ ಚಿಕ್ಕಂದಿನಿಂದ ಲೆಕ್ಕವೆಂದರೆ ಪ್ರೀತಿ. ಬೇರೆಯವರು ಬೈದುಕೊಂಡು ಮಾಡುತ್ತಿದ್ದ ಆ ಕೆಲಸ ನನಗೆ ಹಿಡಿಸಿಬಿಟ್ಟಿತ್ತು.

ನಾನು ಹೇಳುತ್ತಿರುವ ಪಂಚಾಯಿತಿಯಲ್ಲಿ ಒಂದು ದೊಡ್ಡ ಊರು, ಅದರ ದಕ್ಷಿಣಕ್ಕೆ ಒಂದು ಪಾಳ್ಯ, ಪಾಳ್ಯ ದಾಟಿದರೆ ಒಂದು ಸಣ್ಣ ಹಳ್ಳಿ. ಹಿಂದಿನ ಸಲ ಪಾಳ್ಯಕ್ಕೆ ಸ್ವಂತ ವಾರ್ಡು ಇತ್ತು, ಸ್ವಂತ ಸದಸ್ಯೆ ಇದ್ದರು. ಈ ಸಲ ಪಟ್ಟಿ ನೋಡಿದರೆ ವಾರ್ಡಿಗೆ ಬೇಕಾದ ಕನಿಷ್ಠಕ್ಕಿಂತ ಇಪ್ಪತ್ತೆಂಟು ಜನ ಕಡಿಮೆ. ಪಾಳ್ಯವನ್ನು ಇಡಿಯಾಗಿ ದೊಡ್ಡ ಊರಿಗೆ ಸೇರಿಸಿದರೆ ಆ ವಾರ್ಡು ಮಿತಿ ಮೀರುತ್ತದೆ, ಹಳ್ಳಿಗೆ ಸೇರಿಸಿದರೆ ಅದೂ ಮೀರುತ್ತದೆ. ನಕಾಶೆಯಲ್ಲಿ ಪಾಳ್ಯದ ನಡುವೆ ಪೂರ್ವ ಪಶ್ಚಿಮವಾಗಿ ಒಂದೇ ಒಂದು ಬೀದಿ ಇತ್ತು. ಆ ಬೀದಿಯ ಮೇಲೆ ಗೆರೆ ಎಳೆದೆ. ಉತ್ತರದ ಸಾಲಿನ ಮನೆಗಳು ದೊಡ್ಡ ಊರಿಗೆ, ದಕ್ಷಿಣದ ಸಾಲು ಹಳ್ಳಿಗೆ. ಕೂಡಿ ನೋಡಿದೆ, ಎರಡೂ ಕಡೆ ಅಚ್ಚುಕಟ್ಟಾಗಿ ತಾಳೆ ಬಂತು. ಅವತ್ತು ಕ್ಯಾಂಟೀನಿಗೆ ಹೋಗಿ ಒಂದು ಮಸಾಲೆ ದೋಸೆ ತಿಂದೆ, ಅಷ್ಟು ಖುಷಿ. ಆ ಪಾಳ್ಯವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕರಡು ಪ್ರಕಟವಾಯಿತು. ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಿದರು, ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು. ಲಿಖಿತ ಆಕ್ಷೇಪಣೆಗೆ ಸೋಮವಾರ ಕೊನೆಯ ದಿನ. ಗಡಿ ಬದಲಾಗುವ ಊರುಗಳಲ್ಲಿ ಅದಕ್ಕೂ ಮೊದಲೇ ಒಂದು ದಿನ ಸ್ಥಳದಲ್ಲೇ ಅಹವಾಲು ಕೇಳಬೇಕೆಂದು ತಹಶೀಲ್ದಾರರು ಹೇಳಿದ್ದರು. ಪಾಳ್ಯಕ್ಕೆ ಬುಧವಾರ ಗೊತ್ತಾಯಿತು. ಬೆಳಗ್ಗೆ ಹನ್ನೊಂದಕ್ಕೆ ನಾನೂ ಆ ವೃತ್ತದ ಗ್ರಾಮ ಆಡಳಿತಾಧಿಕಾರಿಯೂ ಕಚೇರಿಯ ಜೀಪಿನಲ್ಲಿ ಹೋಗಿ ಅಲ್ಲಿನ ಪ್ರಾಥಮಿಕ ಶಾಲೆಯ ಜಗಲಿಯ ಮೇಲೆ ಮೇಜು ಹಾಕಿಸಿಕೊಂಡು ಕೂತೆವು.

ದೊಡ್ಡ ಊರಿನಿಂದ ನಾಲ್ಕು ಜನ ಯಜಮಾನರು ಬಂದರು. ಕರಡಿಗೆ ತಮ್ಮ ಒಪ್ಪಿಗೆ ಇದೆ ಎಂದು ಟೈಪು ಮಾಡಿಸಿದ್ದ ಪತ್ರ ಕೊಟ್ಟರು, ಫ್ಲಾಸ್ಕಿನಲ್ಲಿ ಕಾಫಿಯನ್ನೂ ತಂದಿದ್ದರು. ಪಾಳ್ಯದಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಶಾಲೆಯಿಂದ ಬೀದಿ ಪೂರ್ತಿ ಕಾಣುತ್ತಿತ್ತು. ಎಲ್ಲ ಮನೆಯ ಬಾಗಿಲೂ ಮುಂದೆ ಮಾಡಿತ್ತು, ಹೊಸ್ತಿಲ ಮುಂದೆ ಸುಣ್ಣದಂಥ ಬಿಳಿ ಪುಡಿ ಚೆಲ್ಲಿತ್ತು. ಒಳಗೆ ಜನ ಇದ್ದಾರೆಂಬುದು ಸದ್ದಿನಲ್ಲೇ ತಿಳಿಯುತ್ತಿತ್ತು. ಹನ್ನೆರಡೂವರೆಗೆ ನನಗೆ ತಾಳ್ಮೆ ಕೆಟ್ಟು, ನಾನೇ ಕರೆಯೋಣವೆಂದು ಎದ್ದು ಮೊದಲ ಮನೆಯ ಹತ್ತಿರ ಹೋದೆ. ಬಾಗಿಲ ಸಂದಿಯಿಂದ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದು, "ರಾವದ್ದಮ್ಮ, ಲೋಪಲಿಕಿ ರಾವದ್ದು! ಹೊರಗ್ನೋರು ಬರ್ಬಾರ್ದು, ಹೋಗಮ್ಮ ತಾಯಿ" ಎಂದು ತೆಲುಗು ಕನ್ನಡ ಎರಡರಲ್ಲೂ ಹೊರಗೆ ಅಟ್ಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಜಾತಿ ಏನಾದರೂ ನೋಡಿದರೇನೋ, ಸರ್ಕಾರಿ ನೌಕರಳೆಂಬ ತಾತ್ಸಾರವೇನೋ ಎಂದು ಏನೇನೋ ಅಂದುಕೊಂಡು ಬಂದು ಕೂತೆ. ಗ್ರಾಮ ಆಡಳಿತಾಧಿಕಾರಿ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಾ, "ಇವತ್ತು ಬರಲ್ಲ ಅನ್ಸುತ್ತೆ ಮೇಡಂ" ಎಂದರು. "ಬರದಿದ್ದರೆ ಅವರಿಗೇ ನಷ್ಟ" ಎಂದೆ. ಒಂದೂವರೆಯವರೆಗೆ ಕಾದು ರಿಜಿಸ್ಟರಿನಲ್ಲಿ ಬರೆದೆ: "ಪಾಳ್ಯದ ನಿವಾಸಿಗಳು ಯಾರೂ ಹಾಜರಾಗಿರುವುದಿಲ್ಲ. ಕರಡಿನ ಬಗ್ಗೆ ಆಕ್ಷೇಪಣೆ ಇಲ್ಲವೆಂದು ಪರಿಗಣಿಸಿದೆ." ಇಬ್ಬರೂ ಸಹಿ ಹಾಕಿದೆವು. ಜೀಪು ಹತ್ತುವಾಗ ನಾನು ತಿರುಗಿ ಕೂಡ ನೋಡಲಿಲ್ಲ.

ಮುಂದಿನ ಮಂಗಳವಾರ ಊಟದ ಹೊತ್ತಿಗೆ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತರು. ನಲವತ್ತೈದರ ಆಸುಪಾಸು, ಕೈಯಲ್ಲಿ ಮಡಿಸಿದ ಖಾಲಿ ಗೋಣಿಚೀಲ, ಸೀರೆಯ ಮೇಲೆ ಅಲ್ಲಲ್ಲಿ ರೇಷ್ಮೆ ಗೂಡಿನ ಬಿಳಿ ಎಳೆ. ತಾನು ಪಾಳ್ಯದ ಪಂಚಾಯಿತಿ ಸದಸ್ಯೆ ಎಂದು ಹೇಳಿಕೊಂಡು, ಒಂದು ಅರ್ಜಿ ಮುಂದಿಟ್ಟರು.

"ನಮ್ಮೂರ್ನ ಎರಡು ಮಾಡಬೇಡಿ ಮೇಡಂ."

"ನಿನ್ನೆಗೇ ಕೊನೆಯ ದಿನ ಮುಗಿಯಿತಲ್ಲಮ್ಮ. ಅವತ್ತು ನಿಮ್ಮೂರಿಗೇ ಬಂದು ಎರಡೂವರೆ ಗಂಟೆ ಕೂತಿದ್ದೆ. ಒಬ್ಬರಾದರೂ ಬಂದಿರಾ?" ಎಂದೆ. ನನ್ನ ದನಿ ಒರಟಾಗಿಯೇ ಇತ್ತು.

"ಬರಕ್ಕಾಗ್ಲಿಲ್ಲ ಮೇಡಂ. ಅವತ್ತು ಹುಳು ಹಣ್ಣಾಗಿತ್ತು."

"ಹುಳು ಹಣ್ಣಾದರೆ ಏನು?"

ಆಕೆ ನನ್ನನ್ನೇ ನೋಡಿದರು. ಪಕ್ಕದ ಮೇಜಿನ ಗುಮಾಸ್ತರು ಶಿಡ್ಲಘಟ್ಟದವರು, ಬಾಯಲ್ಲಿದ್ದ ತುತ್ತು ನೆತ್ತಿಗೇರುವಷ್ಟು ನಕ್ಕರು. "ಈಕೆ ತೊಂಡೇಬಾವಿ ಕಡೆಯೋರಮ್ಮ. ಜೋಳ, ಕಡ್ಲೇಕಾಯಿ ಗೊತ್ತು. ಹುಳ ಇಕ್ಕೋದು ಗೊತ್ತಿಲ್ಲ, ಸ್ವಲ್ಪ ಹೇಳ್ಕೊಡಿ" ಎಂದರು.

ಹೌದು, ನನಗೆ ಗೊತ್ತಿರಲಿಲ್ಲ. ರೇಷ್ಮೆ ಸೀರೆ ಉಟ್ಟಿದ್ದೇನೆಯೇ ಹೊರತು ಹುಳುವನ್ನು ಪಾಠದ ಚಿತ್ರದಲ್ಲಿ ಬಿಟ್ಟು ಎಲ್ಲೂ ನೋಡಿರಲಿಲ್ಲ. ಆಕೆ ನಿಂತಲ್ಲೇ ಹೇಳಿದರು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲೆ ಏಳೆಂಟು ದಿನ ರಾಶಿ ರಾಶಿ ಸೊಪ್ಪು ತಿಂದು, ಒಂದು ದಿನ ಮೈಯೆಲ್ಲ ಹಣ್ಣಿನ ಬಣ್ಣಕ್ಕೆ ತಿರುಗಿ ತಲೆ ಎತ್ತುತ್ತದೆ. ಆ ದಿನ ಒಂದೊಂದೇ ಹುಳುವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅರ್ಧ ದಿನ ತಡವಾದರೆ ಸೊಪ್ಪಿನ ಕಡ್ಡಿಯ ಮೇಲೆಲ್ಲ ನೂಲು ಬಿಟ್ಟು ಕೆಡುತ್ತದೆ. ಹೊರಗಿನವರ ಕಾಲಿನಲ್ಲಿ ರೋಗ ಬಂದೀತೆಂದು ಯಾರನ್ನೂ ಒಳಗೆ ಬಿಡುವುದಿಲ್ಲ. ಹೊಸ್ತಿಲಿನ ಬಿಳಿ ಪುಡಿ ಅದಕ್ಕೇ.

"ಒಂದೆರಡು ಮನೆಯವರಿಗೆ ಹಾಗಾಗಿರಬಹುದು. ಇಡೀ ಊರಿಗೆ ಒಂದೇ ದಿನವಾ?" ಎಂದು ಕೇಳಿದೆ.

"ನಮ್ಮೂರೋರೆಲ್ಲ ಒಂದೇ ಚಾಕಿ ಸೆಂಟ್ರಿಂದ ಒಂದೇ ದಿನ ಮರಿ ಹುಳು ತರೋದು ಮೇಡಂ. ಒಂದೇ ದಿನ ತಂದ್ರೆ ಒಂದೇ ದಿನ ಹಣ್ಣಾಗ್ತವೆ. ಹುಳ ಇಕ್ಕದೆ ಇರೋರೂ ಅವತ್ತು ಆರಿಸಕ್ಕೆ ಬರ್ತಾರೆ. ಮದ್ವೆ ಮುಹೂರ್ತನೂ ನಾವು ಹುಳ ನೋಡ್ಕೊಂಡೇ ಇಡೋದು. ನಿನ್ನೆ ಗೂಡು ಬಿಡಿಸಿದ್ವಿ, ಇವತ್ತು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ನೇರವಾಗಿ ಇಲ್ಲಿಗೇ ಬಂದಿದೀನಿ."

"ಎರಡು ವಾರ್ಡಾದರೆ ನಿಮಗೆ ತೊಂದರೆ ಏನು? ಮನೆ ಎಲ್ಲೂ ಹೋಗುವುದಿಲ್ಲವಲ್ಲ" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಕೇಳಿದ್ದು ನಿಜ.

ಆಕೆ ಕುರ್ಚಿ ಎಳೆದುಕೊಂಡು ಕೂತರು. "ಆ ಕಡೆ ಅರ್ಧ, ಈ ಕಡೆ ಅರ್ಧ ಹೋದ್ರೆ ಎಲ್ಲೂ ನಾವು ಗೆಲ್ಲಲ್ಲ ಮೇಡಂ. ನನ್ ಮಾತಲ್ಲ, ನಮ್ಮೂರೋರು ಯಾರೂ ಗೆಲ್ಲಕ್ಕಾಗಲ್ಲ. ನಮಗೆ ನೀರು ಬಿಡೋ ವಾಲ್ವು ದೊಡ್ಡೂರಲ್ಲೈತೆ. ಮುಂಚೆ ನಮ್ಮೋರು ಮೆಂಬರ್ ಇಲ್ದಿದ್ದಾಗ ಅವರ ತೊಟ್ಟಿಗಳೆಲ್ಲ ತುಂಬಿದ್ಮೇಲೆ ನಮಗೆ ಬಿಡೋರು, ಒಂದೊಂದು ದಿನ ಮರ್ತೇಬಿಡೋರು. ನಾನು ಬಂದ್ಮೇಲೆ ನಾಲ್ಕು ವರ್ಷ ಮೀಟಿಂಗಲ್ಲಿ ಕಿತ್ತಾಡಿ ಪಾಳ್ಯಕ್ಕೇ ಅಂತ ಬೇರೆ ಬೋರು, ಬೇರೆ ಟ್ಯಾಂಕು ಹಾಕ್ಸಿದೀನಿ. ಟ್ಯಾಂಕು ಅರ್ಧ ಎದ್ದೈತೆ. ಮುಂದೆ ಕೇಳೋರೇ ಇಲ್ದಿದ್ರೆ ಅದು ಅರ್ಧಕ್ಕೇ ನಿಲ್ಲುತ್ತೆ."

ನಾನು ಅರ್ಜಿಗೆ ಸ್ವೀಕೃತಿ ಮುದ್ರೆ ಒತ್ತಿ ಕೊಟ್ಟೆ. ಅವಧಿ ಮುಗಿದ ಮೇಲೆ ಬಂದ ಅರ್ಜಿಗೆ ಅದರಿಂದ ಏನೂ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತೆಂದು ಕಾಣುತ್ತದೆ, ಮುದ್ರೆಯನ್ನು ನೋಡದೆಯೇ ಕಾಗದ ಮಡಿಸಿಕೊಂಡು ಹೋದರು.

ಸಂಜೆ ಬಸ್ಸಿನಲ್ಲಿ ಕೂತವಳಿಗೆ ತಲೆ ಕೆಟ್ಟುಹೋಯಿತು. "ಆಕ್ಷೇಪಣೆ ಇಲ್ಲ" ಎಂದು ಬರೆದಿದ್ದೇನೆ. ಆಕ್ಷೇಪಣೆ ಇತ್ತು, ಅದು ಬಾಗಿಲ ಹಿಂದೆ ಹುಳು ಆರಿಸುತ್ತಿತ್ತು. ಆದರೆ ಆಕೆ ಹೇಳಿದ್ದು ನಿಜವೇ, ಅಥವಾ ಬರದೆ ಇದ್ದದ್ದಕ್ಕೆ ಹೂಡಿದ ನೆಪವೇ? ನನ್ನ ಮನಸ್ಸಿನ ಒಂದು ಮೂಲೆಗೆ ಅದು ನೆಪವಾಗಿರಲಿ ಎಂದೇ ಆಸೆಯಿತ್ತು. ನೆಪವಾಗಿದ್ದರೆ ನನ್ನ ಲೆಕ್ಕ ಉಳಿಯುತ್ತಿತ್ತು.

ಬುಧವಾರ ರಜೆ ಹಾಕಿ ಚಾಕಿ ಕೇಂದ್ರಕ್ಕೆ ಹೋದೆ. ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಬಾಗಿಲಲ್ಲೇ ಕಾಲು ತೊಳೆಸಿ ಒಳಗೆ ಬಿಟ್ಟರು. ಅಲ್ಲಿನ ಮೇಲ್ವಿಚಾರಕರಿಗೆ ನಾನು ಯಾರು, ಏಕೆ ಬಂದೆ ಎಂದು ವಿವರಿಸುವುದರಲ್ಲೇ ಸಾಕಾಯಿತು. ಚುನಾವಣೆಗೂ ಹುಳುವಿಗೂ ಏನು ಸಂಬಂಧ ಎಂದು ಅವರು ಎರಡು ಸಲ ಕೇಳಿದರು. ಕೊನೆಗೆ ಒಂದು ಉದ್ದ ಪುಸ್ತಕ ತೆಗೆದರು. ಊರಿಗೊಂದು ಪುಟ, ಪುಟದಲ್ಲಿ ರೈತರ ಹೆಸರು, ಎಷ್ಟು ಮೊಟ್ಟೆಯ ಹುಳು, ಯಾವ ದಿನ ಆಟೋದಲ್ಲಿ ಕಳಿಸಿದ್ದು, ಪಡೆದವರ ಸಹಿ. ಪಾಳ್ಯದ ಪುಟದಲ್ಲಿ ಎಲ್ಲರಿಗೂ ಒಂದೇ ದಿನಾಂಕ. ಅಲ್ಲಿಂದ ಹಣ್ಣಾಗುವವರೆಗೆ ಹದಿನಾರು ಹದಿನೇಳು ದಿನ ಎಂದರು. ಬೆರಳು ಮಡಿಸಿ ಎಣಿಸಿದೆ. ಸರಿಯಾಗಿ ನಾನು ಶಾಲೆಯ ಜಗಲಿಯ ಮೇಲೆ ಕೂತಿದ್ದ ಬುಧವಾರಕ್ಕೆ ಬಂದು ನಿಂತಿತು.

ಪುಟದ ನಕಲು ಕೇಳಿ ಪಡೆದೆ. ಬ್ಯಾಗಿನಲ್ಲಿ ಪಾಳ್ಯದ ಮನೆಪಟ್ಟಿ ಇತ್ತು. ಅಭ್ಯಾಸಬಲ, ಅಲ್ಲೇ ಬೆಂಚಿನ ಮೇಲೆ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರಿಗೆ ಹೆಸರು ಗುರುತು ಹಾಕುತ್ತಾ ಹೋದೆ. ಒಂಬತ್ತು ಹೆಸರು ಉಳಿದುಬಿಟ್ಟವು. ಚಾಕಿ ಕೇಂದ್ರದವರಿಗೆ ಅವರು ಪಾಳ್ಯದವರು. ನನ್ನ ಪಟ್ಟಿಯಲ್ಲಿ ಪಾಳ್ಯದಲ್ಲಿ ಅಂಥವರು ಇರಲೇ ಇಲ್ಲ.

"ಇವರು ಯಾರು?" ಎಂದು ಕೇಳಿದೆ.

"ಅವರಾ? ತೋಟದ್ ಮನೆಯೋರು" ಎಂದರು ಮೇಲ್ವಿಚಾರಕರು. "ಹುಳದ ಮನೆ ದೊಡ್ಡದು ಕಟ್ಕೊಂಡು ತೋಟದಲ್ಲೇ ಇದಾರೆ. ಪಾಳ್ಯದೋರೇ."

ಅಲ್ಲಿಂದ ಪಾಳ್ಯಕ್ಕೆ ಆಟೋ ಹಿಡಿದೆ. ಗ್ರಾಮ ಆಡಳಿತಾಧಿಕಾರಿಗೆ ಫೋನು ಮಾಡಿ ಕರೆಸಿಕೊಂಡೆ. ಹುಳು ಹಣ್ಣಾದ ವಿಷಯ ನಿಮಗೆ ಅವತ್ತೇ ಗೊತ್ತಿತ್ತಾ ಎಂದು ಕೇಳಿದರೆ ಆ ಮನುಷ್ಯ ತಲೆ ಕೆರೆದುಕೊಂಡರು. "ಗೊತ್ತಿತ್ತು ಮೇಡಂ. ತಹಶೀಲ್ದಾರ್ ಸಹಿ ಆಗಿ ನೋಟಿಸ್ ಅಂಟಿಸಿ ಆಗಿತ್ತು. ಹುಳ ನೋಡಿ ಡೇಟು ಬದಲಾಯ್ಸಿ ಅಂತ ಸಾಹೇಬರ ಹತ್ರ ಹೆಂಗೆ ಹೇಳೋದು? ನೀವೂ ಸ್ವಲ್ಪ ಸಿಟ್ಟಲ್ಲಿದ್ರಿ." ನನಗೆ ನಗುವೂ ಬಂತು, ಕೋಪವೂ ಬಂತು. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ.

ಪಾಳ್ಯದ ಬಾಗಿಲುಗಳೆಲ್ಲ ಈಗ ತೆರೆದಿದ್ದವು. ಗೂಡು ಮಾರಿಯಾಗಿತ್ತು, ಹುಳದ ಮನೆಗಳನ್ನು ತೊಳೆದು ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದರು. ಸದಸ್ಯೆ ಸೀರೆ ಎತ್ತಿ ಕಟ್ಟಿಕೊಂಡು ನೆಲ ತಿಕ್ಕುತ್ತಿದ್ದವರು ನನ್ನನ್ನು ನೋಡಿ ಪೊರಕೆ ಅಲ್ಲೇ ಬಿಟ್ಟು ಬಂದರು. ಒಂಬತ್ತು ಹೆಸರು ಓದಿದೆ. "ಹೂಂ, ಎಲ್ಲ ನಮ್ಮೋರೇ. ಬನ್ನಿ ತೋರಿಸ್ತೀನಿ" ಎಂದು ಮುಂದೆ ನಡೆದರು.

ಬೀದಿಯ ಪೂರ್ವದ ತುದಿಯಿಂದ ಒಂದು ಬಂಡಿದಾರಿ, ಎರಡೂ ಕಡೆ ಹಿಪ್ಪುನೇರಳೆ ತೋಟ. ಹತ್ತು ನಿಮಿಷ ನಡೆದರೆ ತೋಟದ ಮನೆಗಳು. ಹೋದ ಚುನಾವಣೆಯ ಕಾಲಕ್ಕೆ ಈ ಒಂಬತ್ತು ಕುಟುಂಬ ಪಾಳ್ಯದ ಬೀದಿಯಲ್ಲೇ ಇದ್ದವು. ಆಮೇಲೆ ಹುಳು ಸಾಕಲು ಜಾಗ ಸಾಲದೆ ತೋಟಕ್ಕೆ ಹೋಗಿ ಮನೆ ಕಟ್ಟಿದರು. ಆ ತೋಟಗಳು ದೊಡ್ಡ ಊರಿನ ಸರ್ವೆ ನಂಬರಿನಲ್ಲಿ ಇದ್ದುದರಿಂದ, ಮನೆಪಟ್ಟಿ ತಿದ್ದುವಾಗ ಯಾರೋ ನನ್ನಂತೆಯೇ ಮೇಜಿನ ಮೇಲೆ ಕೂತು ಅವರನ್ನು ದೊಡ್ಡ ಊರಿಗೆ ಬರೆದುಬಿಟ್ಟಿದ್ದರು. ಮನೆ ಮನೆಗೂ ಹೋಗಿ ತಲೆ ಎಣಿಸಿದೆವು. ಮೂವತ್ತೇಳು ಜನ. ನನಗೆ ಬೇಕಾಗಿದ್ದದ್ದು ಇಪ್ಪತ್ತೆಂಟು. ನಡುವೆ ಬೇರೆ ವಾರ್ಡಿನ ಒಂದು ಮನೆಯೂ ಅಡ್ಡ ಬರುತ್ತಿರಲಿಲ್ಲ. ಪಂಚಾಯಿತಿ ಒಂದೇ ಆದ್ದರಿಂದ ಸರ್ವೆ ನಂಬರು ಯಾರದೇ ಇರಲಿ, ಮನೆಗಳನ್ನು ಪಾಳ್ಯದ ವಾರ್ಡಿಗೆ ಸೇರಿಸಲು ನಿಯಮದ ಅಡ್ಡಿ ಇರಲಿಲ್ಲ.

ಆದರೆ ಇಷ್ಟನ್ನೂ ಹೇಳಬೇಕಾದರೆ ಅಹವಾಲು ಮತ್ತೆ ನಡೆಯಬೇಕು. ಮತ್ತೆ ನಡೆಯಬೇಕಾದರೆ ಮೊದಲಿನದು ಸರಿಯಾಗಿ ನಡೆಯಲಿಲ್ಲವೆಂದು ಯಾರಾದರೂ ಬರೆಯಬೇಕು. ಗುರುವಾರ ಬೆಳಗ್ಗೆ ಶಿರಸ್ತೇದಾರರ ಮುಂದೆ ಕೂತು ಎಲ್ಲ ಹೇಳಿದೆ. ಅವರು ನಿವೃತ್ತಿಗೆ ಹತ್ತಿರವಿದ್ದವರು, ನನ್ನ ಬಗ್ಗೆ ವಿಶ್ವಾಸ ಇದ್ದವರು.

"ಏನಮ್ಮ, ನಿನ್ನ ಕೈಯಾರೆ ನೀನೇ ಬರ್ಕೊಡ್ತೀಯಾ? ಆಕ್ಷೇಪಣೆ ಇಲ್ಲ ಅಂತ ಬರೆದ ಸಹಿ ಒಣಗಿಲ್ಲ. ನಾಳೆ ಕಾರಣ ಕೇಳಿ ನೋಟಿಸ್ ಬಂದ್ರೆ ಸರ್ವಿಸ್ ರಿಜಿಸ್ಟರಲ್ಲಿ ಕೂರುತ್ತೆ. ಬೇಕಿದ್ರೆ ಅವರು ಕೋರ್ಟಿಗೆ ಹೋಗಲಿ, ಅದು ಅವರ ದಾರಿ."

"ಅವರು ಯಾವ ಕೋರ್ಟಿಗೆ ಹೋಗ್ತಾರೆ ಸಾರ್? ಇನ್ನು ಹತ್ತು ದಿನಕ್ಕೆ ಮತ್ತೆ ಹುಳು ತರ್ತಾರೆ."

ಅವರು ಕನ್ನಡಕ ತೆಗೆದು ಒರೆಸಿದರು. "ಯೋಚ್ನೆ ಮಾಡು" ಎಂದಷ್ಟೇ ಹೇಳಿದರು.

ಯೋಚನೆ ಮಾಡಿದೆ. ಭಯವಾಯಿತು, ಸುಳ್ಳೇಕೆ. ಮುಂಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಆ ವರ್ಷವೇ ಬರುವುದಿತ್ತು. ರಿಜಿಸ್ಟರು ತೆಗೆದು ನಾನು ಬರೆದ ಆ ಎರಡು ಸಾಲನ್ನು ಮತ್ತೆ ಓದಿದೆ. ಅಕ್ಷರ ದುಂಡಾಗಿತ್ತು, ನನ್ನ ಅಕ್ಷರ ಯಾವಾಗಲೂ ದುಂಡಗೇ ಇರುತ್ತದೆ. ಬಾಗಿಲ ಸಂದಿಯಲ್ಲಿ ಕೈ ಅಡ್ಡ ಹಿಡಿದಿದ್ದ ಆ ಅಜ್ಜಿಯ ಬಗ್ಗೆ ನಾನು ಅಂದುಕೊಂಡದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಕಡತಕ್ಕೆ ಹೊಸ ಹಾಳೆ ಸೇರಿಸಿ ಟಿಪ್ಪಣಿ ಬರೆದೆ: ಅಹವಾಲಿನ ದಿನ ಗೊತ್ತುಮಾಡುವಾಗ ಸ್ಥಳೀಯ ಪರಿಸ್ಥಿತಿ ವಿಚಾರಿಸದೆ ಇದ್ದುದು ನನ್ನ ಲೋಪ, ಆ ದಿನ ನಿವಾಸಿಗಳು ಹೊರಬರಲು ಸಾಧ್ಯವಿರಲಿಲ್ಲ ಎಂಬುದಕ್ಕೆ ಚಾಕಿ ಕೇಂದ್ರದ ಪುಸ್ತಕದ ನಕಲು ಲಗತ್ತಿಸಿದೆ, "ಆಕ್ಷೇಪಣೆ ಇಲ್ಲ" ಎಂಬ ನನ್ನ ಷರಾ ತಪ್ಪು, ಮತ್ತೊಮ್ಮೆ ಅಹವಾಲಿಗೆ ಅವಕಾಶ ಕೋರಿದೆ.

ತಹಶೀಲ್ದಾರರು ಹುಳುವಿನ ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚುನಾವಣೆ ಫೈಲಿಗೆ ಇದನ್ನ ಹಾಕ್ತಿದೀರಲ್ರೀ. ಮೇಲಿನವರು ಓದಿದ್ರೆ ನಗಲ್ವಾ?"

"ನಗಲಿ ಸಾರ್. ದಿನಾಂಕ ಸರಿಯಾಗಿದೆ."

ಅವರು ನಗಲಿಲ್ಲ. ಕೋಪವನ್ನೂ ಮುಚ್ಚಿಡಲಿಲ್ಲ. ಸೋಮವಾರ ವರದಿ ಜಿಲ್ಲಾ ಕಚೇರಿ ಸೇರಲೇಬೇಕು, ಶನಿವಾರ ಒಂದು ದಿನ ಕೊಡುತ್ತೇನೆ, ಅಷ್ಟರೊಳಗೆ ಒಪ್ಪಿಗೆಯಾಗುವ ಹೊಸ ನಕಾಶೆ ಬರದಿದ್ದರೆ ಹಳೆಯ ಕರಡೇ ಹೋಗುತ್ತದೆ, ನಿಮ್ಮ ಟಿಪ್ಪಣಿಯೂ ಜೊತೆಗೇ ಹೋಗುತ್ತದೆ ಎಂದರು. ಸಹಿ ಮಾತ್ರ ಹಾಕಿದರು.

ಶನಿ‌ವಾರ ಜಗಲಿ ಸಾಲಲಿಲ್ಲ. ಶಾಲೆಯ ಅಂಗಳದಲ್ಲಿ ಚಾಪೆ ಹಾಸಿದರು. ಬೀದಿಯ ಎರಡು ಸಾಲಿನವರು, ಪಶ್ಚಿಮದ ಕೊನೆಯ ಸಾಲಿನಲ್ಲಿರುವ ಪರಿಶಿಷ್ಟ ಜಾತಿಯ ಮನೆಗಳವರು, ತೋಟದ ಮನೆಯವರು ಎಲ್ಲ ಬಂದಿದ್ದರು. ನನ್ನನ್ನು ಅಟ್ಟಿದ್ದ ಅಜ್ಜಿ ಒಂದು ಲೋಟ ಮಜ್ಜಿಗೆ ತಂದು ಕೈಗಿಟ್ಟು, "ಅವತ್ತು ತಪ್ಪು ತಿಳ್ಕೋಬೇಡಮ್ಮ ತಾಯಿ, ಹುಳ ನಮ್ ಮಕ್ಕಳಿದ್ದಂಗೆ" ಎಂದರು. ತಪ್ಪು ತಿಳಿದುಕೊಂಡದ್ದು ಆಗಿಹೋಗಿತ್ತು. ಮಜ್ಜಿಗೆ ಕುಡಿದೆ.

ದೊಡ್ಡ ಊರಿನ ಯಜಮಾನರೂ ಬಂದರು, ಈ ಸಲ ಫ್ಲಾಸ್ಕು ಇರಲಿಲ್ಲ. ನಾನು ಹೊಸ ಟ್ರೇಸಿಂಗ್ ಕಾಗದ ಬಿಡಿಸಿ ತೋರಿಸಿದ ಕೂಡಲೇ ಅವರಲ್ಲಿ ಹಿರಿಯರು ಎದ್ದರು. "ತೋಟದ ಮನೆಗಳು ನಮ್ಮ ಊರಿನ ಸರ್ವೆ ನಂಬರು. ಪಟ್ಟೀಲೂ ನಮ್ಮೋರು ಅಂತ ಇದೆ. ನಮ್ಮ ಮನೆಗಳನ್ನ ಕಿತ್ತು ಇವರಿಗೆ ಕೊಡೋದು ಯಾವ ನ್ಯಾಯ?"

ಪಾಳ್ಯದ ಕಡೆಯಿಂದ ಹತ್ತು ಜನ ಒಟ್ಟಿಗೆ ಎದ್ದರು. ಗಲಾಟೆಯಾಗುತ್ತದೆ ಎಂದುಕೊಂಡೆ. ಸದಸ್ಯೆ ಎಲ್ಲರನ್ನೂ ಕೂರಿಸಿ, ತೋಟದ ಮನೆಯ ಒಬ್ಬ ಮುದುಕರ ಕಡೆ ತಿರುಗಿ, "ಮಾವ, ನೀವೇ ಹೇಳಿ" ಎಂದರು.

ಮುದುಕರು ನಿಧಾನವಾಗಿ ಎದ್ದರು. "ನಮ್ಮಪ್ಪ ಹುಟ್ಟಿದ್ದು ಈ ಬೀದಿ ಮೂರನೇ ಮನೇಲಿ. ಹುಳ ಇಕ್ಕಕ್ಕೆ ಜಾಗ ಸಾಲ್ದೆ ತೋಟಕ್ಕೆ ಹೋದ್ವಿ ಕಣಪ್ಪ, ಊರು ಬಿಟ್ಟು ಹೋಗಲಿಲ್ಲ. ಮರಿ ಹುಳು ಇವರ ಜೊತೇಲೇ ತರ್ತೀನಿ. ಹಣ್ಣಾದ ದಿನ ಈ ಕೊನೆ ಸಾಲಿನೋರೇ ಬಂದು ಆರಿಸ್ಕೊಡ್ತಾರೆ. ನಿಮ್ಮೂರಿಂದ ಒಬ್ರು ಬಂದಿದೀರಾ?"

ನಾನು ಲೆಕ್ಕದ ಹಾಳೆಯನ್ನು ಹಿರಿಯ ಯಜಮಾನರ ಮುಂದಿಟ್ಟೆ. ಒಂಬತ್ತು ಮನೆ ಹೋದರೂ ದೊಡ್ಡ ಊರಿಗೆ ಮೊದಲಿದ್ದಷ್ಟೇ ಸದಸ್ಯರು ಉಳಿಯುತ್ತಿದ್ದರು. ಅವರು ಎರಡೆರಡು ಸಲ ಕೂಡಿ ನೋಡಿದರು, ತಮ್ಮ ಕಡೆಯ ಮೂವರನ್ನು ಮರದ ಹಿಂದೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ತಿರುಗಿ ಬಂದು, "ನಮಗೇನು ಹಠ ಇಲ್ಲಮ್ಮ. ಮೊದಲೇ ಹಿಂಗೆ ಮಾಡಿದ್ರೆ ಆಗ್ತಿರಲಿಲ್ವಾ?" ಎಂದು ನನ್ನನ್ನೇ ಕೇಳಿ ಸಹಿ ಹಾಕಿದರು.

ಹೊಸ ಚಕ್ಕುಬಂದಿಯನ್ನು ಅಲ್ಲೇ ಕೂತು ಬರೆದೆ. ಒಂಬತ್ತು ಮನೆಯ ದೊಡ್ಡವರೆಲ್ಲ ಸಾಲಾಗಿ ಬಂದು ಸಹಿಯೋ ಹೆಬ್ಬೆಟ್ಟೋ ಹಾಕಿದರು. ಸೋಮವಾರ ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಗೆ ಕಡತವನ್ನು ನಾನೇ ಒಯ್ದು ಕೊಟ್ಟೆ. ಮೂರು ವಾರದ ನಂತರ ಅಂತಿಮ ಆದೇಶ ಬಂತು. ಪಾಳ್ಯ ಒಂದೇ ವಾರ್ಡಾಗಿ ಉಳಿದಿತ್ತು. ಅದರ ಹಿಂದೆಯೇ ನನಗೆ ಕಾರಣ ಕೇಳಿ ನೋಟಿಸೂ ಬಂತು. ಉತ್ತರ ಬರೆದೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಮುಂಬಡ್ತಿ ಒಂದು ವರ್ಷ ಮುಂದೆ ಹೋಯಿತು. ಬೇಜಾರಾಗಲಿಲ್ಲ ಎಂದರೆ ನಂಬಬೇಡಿ.

ಗಡಿ ಗೊತ್ತಾದ ಮೇಲೆ ಮೀಸಲಾತಿಯ ಪಟ್ಟಿ ಬರುತ್ತದೆ. ಯಾವ ವಾರ್ಡು ಯಾರಿಗೆ ಎಂಬುದು ಸರದಿಯ ಮೇಲೆ ತೀರ್ಮಾನವಾಗುತ್ತದೆ, ಅದರಲ್ಲಿ ನಮ್ಮ ಕೈ ಇಲ್ಲ. ಪಟ್ಟಿ ಕಚೇರಿಗೆ ಬಂದ ದಿನ ನಾನು ಮೊದಲು ಹುಡುಕಿದ್ದು ಪಾಳ್ಯದ ಸಾಲು. ಪರಿಶಿಷ್ಟ ಜಾತಿ, ಮಹಿಳೆ ಎಂದಿತ್ತು. ನಾಲ್ಕು ವರ್ಷ ಕಿತ್ತಾಡಿ ಟ್ಯಾಂಕು ಎಬ್ಬಿಸಿದ್ದ ಆ ಹೆಂಗಸು, ಗೂಡಿನ ಎಳೆ ಸೀರೆಗೆ ಅಂಟಿಸಿಕೊಂಡೇ ಓಡಿ ಬಂದಿದ್ದವರು, ಬೀದಿಯ ಜಮೀನುದಾರ ಮನೆತನದವರು, ಪರಿಶಿಷ್ಟ ಜಾತಿಯವರಲ್ಲ. ಈಗ ಅವರು ನಿಲ್ಲುವಂತೆಯೇ ಇರಲಿಲ್ಲ.

ಬೇರೆ ಯಾರ ಬಾಯಿಂದಲೋ ತಿಳಿಯುವುದು ಬೇಡವೆಂದು ಫೋನು ಮಾಡಿದೆ. ಹೇಳಿದೆ.

"ಹಂಗಾದ್ರೆ ನಾನಿಲ್ಲ ಈ ಸಲ."

"ಇಲ್ಲ ಅಕ್ಕ." ಅಕ್ಕ ಎಂದು ಅದೇ ಮೊದಲು ಕರೆದದ್ದು.

"ಪಾಳ್ಯ ಒಂದೇ ಐತೆ ಅಲ್ವಾ? ಅದೇನೂ ಬದಲಾಗಿಲ್ಲ ಅಲ್ವಾ?"

"ಇಲ್ಲ. ಒಂದೇ ಇದೆ."

ಅವರು ಅಳುತ್ತಿದ್ದಾರೇನೋ ಅನ್ನಿಸಿತು, ಕೇಳಲು ಧೈರ್ಯ ಬರಲಿಲ್ಲ. ಆಮೇಲೆ ಅವರೇ ಮಾತಾಡಿದರು. "ಕೊನೆ ಸಾಲಲ್ಲಿ ಒಬ್ಬಳು ಸೊಸೆ ಬಂದವ್ಳೆ ಮೇಡಂ, ಪಿಯುಸಿ ಓದವ್ಳೆ, ಮಾತು ಗಟ್ಟಿ. ನಮ್ಮ ಮನೆಯೋರೇ ಕೆಲವರು ಮುಖ ಸಿಂಡರಿಸ್ತಾರೆ, ನೋಡ್ಕೋತೀನಿ. ನಾಮಪತ್ರದ ಫಾರಂ ಯಾವತ್ತಿಂದ ಕೊಡ್ತಾರೆ?"

ದಿನ ಹೇಳಿದೆ.

"ಎರಡು ತೆಗೆದಿಡಿ. ಪಾಪ, ಅವಳಿಗೆ ಮೊದಲನೇ ಸಲ. ಒಂದು ತಪ್ಪಾದ್ರೆ ಇನ್ನೊಂದರಲ್ಲಿ ನಾನೇ ಕೂತು ಬರೆಸ್ತೀನಿ."

ಫೋನು ಇಟ್ಟ ಮೇಲೆ ನನಗೆ ಅಳು ಬಂತು. ಪಕ್ಕದ ಮೇಜಿನವರು ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡು, ಕಪಾಟಿನಿಂದ ಫಾರಂ ಎರಡರ ಬದಲು ಮೂರು ತೆಗೆದು ಪಾಳ್ಯದ ಹೆಸರು ಬರೆದ ಲಕೋಟೆಯಲ್ಲಿ ಇಟ್ಟೆ.